ಅರೆತಲೆನೋವು: ಅದರ ಕಾರಣಗಳು

ತಲೆಯ ಒಂದು ಪಾರ್ಶ್ವವನ್ನು ಮಾತ್ರ ಹಿಡಿದು ಬಾಧಿಸುವ ನೋವಿಗೆ ಜನರು ಅರೆತಲೆನೋವೆಂದೂ, ಆಯುರ್ವೇದಜ್ಞರು ಅರ್ಧಾವಭೇದಕವೆಂದೂ ಹೆಸರಿಟ್ಟಿರುವರು. ಗ್ರೀಕ್ ವೈದ್ಯನಾದ ಗೇಲನನು ಬಳಸಿದ ಹೆಸರಿಗೂ ‘ಅರ್ಧ ತಲೆ’ ಎಂದೇ ಅರ್ಥ. ಇಂದಿನ ಮೈಗ್ರೇನ್ ಎಂಬ ಶಬ್ದವು ಅದರಿಂದಲೇ ಹುಟ್ಟಿದುದು. ನೋವಿನ ಸ್ಥಾನವು ಒಂದೇ ಆದರೂ ಕಾರಣಗಳು ಹಲವು. ಅವುಗಳ ಭೇದವನ್ನರಿಯದೆ ಉದಾಸೀನ ಮಾಡಿದರೆ ಕೆಲವೊಮ್ಮೆ ಕಣ್ಣನ್ನೇ ಕಳೆದುಕೊಳ್ಳಬೇಕಾದೀತು.

ಇವುಗಳಲ್ಲಿ ಮೈಗ್ರೇನು ಬಹು ಸಾಮಾನ್ಯವಾದುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಾಲು ಹೆಚ್ಚು. ವಂಶಪಾರಂಪರ್ಯವಾಗಿ ಬರುವುದೂ ಉಂಟು. ನೋವು ನಾಡಿಯಂತೆ ಮಿಡಿಯುತ್ತ ೪ ಗಂಟೆಗಳಿಂದ ೭೨ ಗಂಟೆಗಳವರೆಗೂ ಇರಬಹುದು. ಓಕರಿಕೆ ಬರುವುದು, ಬೆಳಕು, ಸದ್ದುಗಳು ಸಹಿಸವು. ಕೆಲವರಿಗೆ ಮುಂಚಿತವಾಗಿ ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆಗಳು ಕಾಣುವುವು. ಉಪವಾಸ, ನಿದ್ರಾಭಂಗ, ಬಿಸಿಲು, ಉಗ್ರವಾದ ವಾಸನೆ, ಹೊತ್ತು ತಪ್ಪಿದ ಕಾಫಿ, ತಿಂಗಳ ಮುಟ್ಟು ಇವೇ ಮೊದಲಾದುವು ಇದನ್ನು ಕೆರಳಿಸುವುವು. ಮನೆಮಂದಿಗೆಲ್ಲ ಬಡಿಸಿ ಹಗಲು ಮೂರು ಗಂಟೆಗೆ ಎಲೆಯ ಮುಂದೆ ಕೂರುವ ಗೃಹಿಣಿಗೆ ಈ ವ್ಯಾಧಿಯು ಮರುಕಳಿಸಿದರೆ ಆಶ್ಚರ್ಯವೇನು? ಅದನ್ನು ಸೋಗೆಂದು ಹಳಿಯುವುದು ಅನ್ಯಾಯ. ಇದು ಮೆದುಳು ನರಗಳಿಗೆ ಸಂಬಂಧಿಸಿದ ನಿಜವಾದ ರೋಗ.

ಒಂದು ಕಣ್ಣಿನ ಸುತ್ತ ಅಸಹ್ಯವಾದ ನೋವೆದ್ದು, ಅದೇ ಕಣ್ಣು ಕೆಂಪಾಗಿ ನೀರು ಸುರಿದು, ಅದೇ ಪಕ್ಕದ ಮೂಗು ಕಟ್ಟಿ, ರೋಗಿಯು ಮಲಗಲಾರದೆ ತಿರುಗಾಡುತ್ತಿದ್ದರೆ ಅದು ಕ್ಲಸ್ಟರ್ ಎಂಬ ಬೇರೊಂದು ಬಗೆ. ೧೫ ನಿಮಿಷಗಳಿಂದ ಮೂರು ಗಂಟೆಗಳವರೆಗೆ ಇರುವ ಇದು ಗಂಡಸರಲ್ಲಿ ಹೆಚ್ಚು. ಹಲ್ಲುಜ್ಜುವಾಗಲೋ ಮುಖ ತೊಳೆಯುವಾಗಲೋ ಒಂದು ಕೆನ್ನೆಯಲ್ಲಿ ಕ್ಷಣಕಾಲ ಮಿಂಚು ಹೊಡೆದಂತಾದರೆ ಅದು ಮುಖದ ನರದ ಶೂಲೆ. ಹುಳುಕುಹಲ್ಲು, ನೆಗಡಿಯಿಂದ ಮುಖದ ಎಲುಬಿನ ಪೊಳ್ಳುಗಳಲ್ಲಿ ಕಟ್ಟಿದ ಕಫ, ಕತ್ತಿನ ಕೀಲುಗಳ ಸವೆತ ಇವೂ ಒಂದೇ ಪಕ್ಕವನ್ನು ನೋಯಿಸಬಲ್ಲವು.

ಇನ್ನೆರಡು ಕಾರಣಗಳು ವಿರಳವಾದರೂ ಭಯಂಕರ. ೫೦ ವರ್ಷ ದಾಟಿದವರಿಗೆ ಹೊಸದಾಗಿ ಕಣತಲೆಯಲ್ಲಿ ನೋವು ಬಂದು, ಬಾಚಣಿಗೆ ತಗಲಿದರೂ ನೊಂದು, ಅಗಿಯುವಾಗ ದವಡೆ ಸೋತರೆ ಅದು ರಕ್ತನಾಳದ ಉರಿಯೂತವಿರಬಹುದು. ಕಣ್ಣು ಕೆಂಪೇರಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯಾದರೆ ಕಣ್ಣಿನೊಳಗಿನ ಒತ್ತಡವು ಏರಿರಬಹುದು. ಎರಡರಲ್ಲಿಯೂ ವಿಳಂಬದಿಂದ ದೃಷ್ಟಿನಾಶವುಂಟು. ಅಂದೇ ವೈದ್ಯರನ್ನು ಕಾಣತಕ್ಕದ್ದು. ಹಠಾತ್ತಾಗಿ ಸಿಡಿಲೆರಗಿದಂತೆ ಬಂದ ನೋವು, ಮಾತಿನ ತೊದಲು, ಕೈಕಾಲಿನ ನಿಶ್ಶಕ್ತಿ, ಜ್ವರದೊಡನೆ ಕತ್ತು ಸೆಡೆತ ಇವುಗಳಿಗೂ ಇದೇ ನಿಯಮ.

ಸಾಮಾನ್ಯ ಮೈಗ್ರೇನಿಗೆ ಹೊತ್ತಿಗೆ ಸರಿಯಾದ ಊಟ, ನಿದ್ರೆ, ನೋವು ಬಂದಾಗ ಕತ್ತಲೆಯ ಕೋಣೆಯಲ್ಲಿ ವಿಶ್ರಾಂತಿ ಇವು ಹಿತಕರ. ಪದೇ ಪದೇ ಬಂದರೆ ತಡೆಯುವ ಔಷಧಗಳೂ ಉಂಟು. ಆದರೆ ನೋವಿನ ಮಾತ್ರೆಗಳನ್ನು ತಿಂಗಳಿಗೆ ಹತ್ತು ಹದಿನೈದು ದಿನ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವಾಗುವುದು. ಬಂದ ದಿನ, ಹೊತ್ತು, ತಿಂದ ಆಹಾರ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು. ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.