ಲಿಫ್ಟ್ ಮಾಡಿಸಿದ ಜೀಪಿನ ಸ್ಟೀರಿಂಗ್ ನಡುಗುತ್ತಿದೆಯೇ? ಅಲೈನ್‌ಮೆಂಟ್ ಒಂದೇ ಸಾಲದು

‘ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಸ್ಟೀರಿಂಗ್ ನಡುಗಿದರೆ ಹೆದರಬೇಡಿ. ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಒಂದು ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ, ಎಲ್ಲ ಸರಿಹೋಗುತ್ತದೆ.’ ಆಫ್‌ರೋಡ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿದ್ದರೆ ಈ ಬಗೆಯ ಸಲಹೆ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಆದರೆ ಇಷ್ಟನ್ನೇ ನಂಬಿ ಹೆದ್ದಾರಿಗೆ ಇಳಿಯುವುದು ಅಪಾಯ.

ಏನಿದು ನಡುಕ?

ಹೆದ್ದಾರಿ ವೇಗದಲ್ಲಿ ಹೋಗುತ್ತಿರುವಾಗ ಸಣ್ಣದೊಂದು ಗುಂಡಿಯೋ ಸೇತುವೆಯ ಜಾಯಿಂಟೋ ಸಿಗುತ್ತದೆ. ತಕ್ಷಣ ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದಾಡತೊಡಗುತ್ತವೆ. ವೇಗ ಇಳಿಯುವವರೆಗೆ ಅದು ನಿಲ್ಲುವುದೇ ಇಲ್ಲ. ಇದಕ್ಕೆ ‘ಡೆತ್ ವಾಬಲ್’ ಎಂಬ ಹೆಸರೇ ಇದೆ. ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುವ ಜಿಮ್ನಿ, ಜೀಪ್ ರ‍್ಯಾಂಗ್ಲರ್, ಹಳೆಯ ಜಿಪ್ಸಿ, ಮಹೀಂದ್ರ ಎಂಎಂ540 ತರಹದ ಗಾಡಿಗಳಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚು.

ಅಲೈನ್‌ಮೆಂಟ್‌ನಲ್ಲಿ ಮೂರು ಕೋನಗಳನ್ನು ನೋಡುತ್ತಾರೆ. ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದಾಗ ಚಕ್ರ ಓರೆಯಾಗಿರುವುದು ಕ್ಯಾಂಬರ್. ಮೂರನೆಯದಾದ ಕ್ಯಾಸ್ಟರ್ ಕಣ್ಣಿಗೆ ಕಾಣುವುದಿಲ್ಲ, ನಮ್ಮ ಕಥೆಯ ಕಳ್ಳ ಅದೇ. ಸೈಕಲ್ಲಿನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ಅದು ನೆಟ್ಟಗಿರುವುದಿಲ್ಲ, ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಕೈಬಿಟ್ಟರೂ ಸೈಕಲ್ ನೇರ ಓಡುವುದಕ್ಕೆ ಆ ವಾಲುವಿಕೆಯೂ ಒಂದು ಕಾರಣ. ಗಾಡಿಯ ಚಕ್ರ ತಿರುಗುವ ಅಕ್ಷವೂ ಹೀಗೇ ಹಿಂದಕ್ಕೆ ವಾಲಿರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳುವುದು ಮುಖ್ಯವಾಗಿ ಇದರಿಂದಲೇ.

ಲಿಫ್ಟ್ ಮಾಡಿದಾಗ ಆಗುವುದೇನು?

ಜಿಮ್ನಿಯಲ್ಲಿ ಮುಂದಿನ ಆಕ್ಸಲನ್ನು ಎರಡು ಉದ್ದನೆಯ ತೋಳುಗಳು ಹಿಡಿದಿರುತ್ತವೆ. ತೋಳಿನ ಹಿಂತುದಿ ಚಾಸಿಗೆ, ಮುಂತುದಿ ಆಕ್ಸಲ್‌ಗೆ. ಎತ್ತರದ ಸ್ಪ್ರಿಂಗ್ ಹಾಕಿದರೆ ಚಾಸಿ ಮೇಲೇಳುತ್ತದೆ, ಆಕ್ಸಲ್ ಅಲ್ಲೇ ಉಳಿಯುತ್ತದೆ. ತೋಳು ಓರೆಯಾಗಿ, ತನ್ನ ಜೊತೆಗೆ ಆಕ್ಸಲನ್ನೂ ಮುಂದಕ್ಕೆ ಮುಗ್ಗರಿಸಿದಂತೆ ತಿರುಗಿಸುತ್ತದೆ. ತೋಳಿನ ಉದ್ದ 70 ಸೆಂ.ಮೀ. ಎಂದಿಟ್ಟುಕೊಳ್ಳಿ. 5 ಸೆಂ.ಮೀ., ಅಂದರೆ ಎರಡು ಇಂಚು ಎತ್ತಿದರೆ ಸುಮಾರು 4 ಡಿಗ್ರಿ ತಿರುಗುತ್ತದೆ. ಕ್ಯಾಸ್ಟರ್ ಇರುವುದೇ ಬೆರಳೆಣಿಕೆಯಷ್ಟು ಡಿಗ್ರಿ! ಅದರಲ್ಲಿ 4 ಹೋದರೆ ಉಳಿಯುವುದೆಷ್ಟು?

ಈಗ ಅಲೈನ್‌ಮೆಂಟ್ ಅಂಗಡಿಗೆ ಬನ್ನಿ. ಯಂತ್ರ ಕ್ಯಾಸ್ಟರನ್ನು ಅಳೆದು ಕೆಂಪು ಬಣ್ಣದಲ್ಲಿ ತೋರಿಸಬಲ್ಲದು, ಆದರೆ ಸರಿಮಾಡುವುದು ಅದರ ಕೈಯಲ್ಲಿಲ್ಲ. ಗಟ್ಟಿ ಆಕ್ಸಲ್ ಇರುವ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಅಲ್ಲಿ ತಿರುಗಿಸಿ ಹೊಂದಿಸಲು ಸಾಧ್ಯವಿರುವುದು ಟೋ ಮಾತ್ರ. ‘ಅಲೈನ್‌ಮೆಂಟ್ ಆಯ್ತು ಸಾರ್’ ಎಂದರೆ ಟೋ ಆಯ್ತು ಎಂದಷ್ಟೇ ಅರ್ಥ. ಕ್ಯಾಸ್ಟರ್ ಮರಳಿ ಬರಬೇಕಾದರೆ ರಂಧ್ರ ಓರೆಯಾಗಿರುವ ಬುಷ್‌ಗಳನ್ನು ಅಥವಾ ತಿದ್ದಿದ ತೋಳುಗಳನ್ನು ಹಾಕಿಸಬೇಕು. ಹಳೆಯ ಜೀಪುಗಳ ಪಟ್ಟಿ ಸ್ಪ್ರಿಂಗ್ ಆದರೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆ ಕೊಡುತ್ತಾರೆ.

ಪ್ಯಾನ್‌ಹಾರ್ಡ್ ರಾಡ್ ಎಂಬ ಇನ್ನೊಂದು ಅಡ್ಡ ಸರಳು ಆಕ್ಸಲ್ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಗಾಡಿ ಎತ್ತರವಾದಾಗ ಇದು ಆಕ್ಸಲನ್ನು ಸ್ವಲ್ಪ ಒಂದು ಬದಿಗೆ ಎಳೆದುಬಿಡುತ್ತದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಚಕ್ರ ಸೊಟ್ಟ ನಿಲ್ಲುವುದಕ್ಕೆ ಇದೂ ಕಾರಣವಾಗುತ್ತದೆ. ಉದ್ದ ಹೊಂದಿಸಬಲ್ಲ ರಾಡ್ ಹಾಕಿದರೆ ಆಕ್ಸಲ್ ಮತ್ತೆ ನಡುವಿಗೆ ಬರುತ್ತದೆ.

ಡ್ಯಾಂಪರ್ ಹಾಕಿದರೆ ಸಾಲದೇ?

ಡ್ಯಾಂಪರ್ ಎಂದರೆ ಸ್ಟೀರಿಂಗ್ ಸರಳಿಗೆ ಅಡ್ಡ ಮಲಗಿಸಿದ ಶಾಕ್ ಅಬ್ಸಾರ್ಬರ್. ಕೆಲವು ಗಾಡಿಗಳಲ್ಲಿ ಕಂಪನಿಯಿಂದಲೇ ಇರುತ್ತದೆ, ಅದು ಕೆಟ್ಟದ್ದೇನಲ್ಲ. ಆದರೆ ಸವೆದ ಬುಷ್ ಇರುವ ಗಾಡಿಗೆ ಹೊಸ ಡ್ಯಾಂಪರ್ ಹಾಕುವುದು ಜ್ವರದ ಕಾರಣ ಹುಡುಕದೆ ಮಾತ್ರೆ ನುಂಗಿದ ಹಾಗೆ. ಒಳಗೆ ಸವೆತ ಮುಂದುವರಿಯುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಆ ಸಂದೇಶದ ಅತಿ ಕೆಟ್ಟ ಭಾಗ ಇದೇ.

ಆದ್ದರಿಂದ ಮೊದಲು ರಿಪೇರಿ, ಆಮೇಲೆ ಅಲೈನ್‌ಮೆಂಟ್. ಪ್ಲೇ ಇರುವ ಕೀಲುಗಳ ಮೇಲೆ ಟೋ ಹೊಂದಿಸಿದರೆ ಮುಂದಿನ ಗುಂಡಿಯಲ್ಲೇ ಅದು ಬದಲಾಗುತ್ತದೆ. ಮಾಂದಲಪಟ್ಟಿಯಂಥ ಕಲ್ಲುದಾರಿಯಲ್ಲಿ ಓಡಾಡುವ ಗಾಡಿಗಳ ಕೀಲುಗಳು ಬೇಗ ಸವೆಯುವುದು ಸಹಜ. ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಬೇಗಬೇಗ ಆಡಿಸಲಿ. ಇನ್ನೊಬ್ಬರು ಪಕ್ಕದಿಂದ ಬಗ್ಗಿ ನೋಡಲಿ. ಪ್ಯಾನ್‌ಹಾರ್ಡ್ ರಾಡಿನ ತುದಿ ಬೋಲ್ಟ್ ಸುತ್ತ ಅಲ್ಲಾಡುತ್ತಿದೆಯೇ? ಟೈ ರಾಡ್ ಎಂಡ್ ಮೇಲೆ ಕೆಳಗೆ ಜಿಗಿಯುತ್ತಿದೆಯೇ? ಗ್ಯಾರೇಜಿನಲ್ಲಿ ಚಕ್ರ ಎತ್ತಿದಾಗ ಮೇಲೂ ಕೆಳಗೂ ಹಿಡಿದು ಅಲುಗಿಸಿ. ಆಗ ಪ್ಲೇ ಸಿಕ್ಕರೆ ಚಕ್ರದ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಮೇಲೆ ಅನುಮಾನ. ಟೈರ್ ಬ್ಯಾಲೆನ್ಸ್, ಗಾಳಿಯ ಒತ್ತಡವನ್ನೂ ನೋಡಿಸಿ. ದೊಡ್ಡ ಟೈರಿನ ಸಣ್ಣ ತೂಕವ್ಯತ್ಯಾಸವೇ ನಡುಕಕ್ಕೆ ಕಿಡಿ ಹಚ್ಚಬಲ್ಲದು.

ರಸ್ತೆಯಲ್ಲೇ ನಡುಕ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಿ ಹಿಡಿಯಬೇಡಿ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಆಕ್ಸಲರೇಟರ್ ಬಿಟ್ಟು, ನಿಧಾನಕ್ಕೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ.

2020ರಲ್ಲಿ ಬಂದ ಥಾರ್‌ನ ಕಥೆ ಬೇರೆ. ಅದರ ಮುಂದಿನ ಚಕ್ರಗಳು ಸ್ವತಂತ್ರವಾಗಿ ಆಡುತ್ತವೆ. ಅಲ್ಲಿ ಲಿಫ್ಟ್ ಮಾಡಿದರೆ ಕ್ಯಾಂಬರ್ ಕೂಡ ಬದಲಾಗುತ್ತದೆ, ಜೊತೆಗೆ ಡ್ರೈವ್ ಶಾಫ್ಟ್ ಹೆಚ್ಚು ಓರೆಯಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯಬಹುದು.

ಕಾನೂನಿನ ಮಾತೂ ಒಂದಿದೆ. ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಿವರಿಸುತ್ತಾ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಿಟ್ ಕೊಳ್ಳುವ ಮುನ್ನವೇ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಕೇಳಿ.

ಈಗಾಗಲೇ ಲಿಫ್ಟ್ ಆಗಿದ್ದರೆ, ತೋಳುಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಮಾಡಿಸಿ. ಜಾಕ್ ಮೇಲೆ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮುಗಿದ ಮೇಲೆ ಪ್ರಿಂಟ್ ತೆಗೆದುಕೊಂಡು, ಎಡ ಬಲ ಎರಡೂ ಚಕ್ರಗಳ ಕ್ಯಾಸ್ಟರ್ ಸಾಲಿನಲ್ಲಿ ಏನಿದೆ ನೋಡಿ. ಆ ಅಂಕಿ ಕಂಪನಿ ಹೇಳಿದ ಮಿತಿಯೊಳಗೆ ಬಂದಿಲ್ಲದಿದ್ದರೆ ಕೆಲಸ ಇನ್ನೂ ಬಾಕಿ ಇದೆ.