ಹುಟ್ಟುಹಬ್ಬದ ಊಟ... ಕೊನೇ ಊಟ!

‘ಗಾಡ್‌ಫಾದರ್’ನಲ್ಲಿ ಅಲ್ ಪಚಿನೋ ಹೋಟೆಲ್ ಟೇಬಲ್ ಎದುರು ಪಿಸ್ತೂಲು ಎತ್ತುವ ಸೀನ್ ಮರೆತವರುಂಟೆ? ಚಿತ್ರ ತೆರೆಕಂಡು ತಿಂಗಳಾಗಿರಲಿಲ್ಲ, 1972ರ ಏಪ್ರಿಲ್ 7ರ ಬೆಳಗಿನ ಜಾವ ನ್ಯೂಯಾರ್ಕಿನ ಮಲ್‌ಬೆರಿ ಬೀದಿಯಲ್ಲಿ ಅಸಲಿ ‘ಶೂಟಿಂಗ್’ ನಡೆದೇಹೋಯ್ತು!

ಉಂಬರ್ಟೋಸ್ ಕ್ಲ್ಯಾಮ್ ಹೌಸ್. ನಮ್ಮ ಮಂಗಳೂರಿನವರ ಮರುವಾಯಿ ಇದೆಯಲ್ಲ, ಅಂಥಾದ್ದನ್ನ ಬಡಿಸೋ ಹೋಟೆಲು. ಮಾಫಿಯಾದ ಜೋ ಗ್ಯಾಲೋಗೆ ಅಂದು 43ನೇ ಹುಟ್ಟುಹಬ್ಬ. ಜತೆಗೆ ಮೂರು ವಾರದ ಹಿಂದೆ ಕೈಹಿಡಿದ ಹೆಂಡತಿ, ಆಕೆಯ ಹತ್ತು ವರ್ಷದ ಮಗಳು. ಗುಂಡು ತಿಂದ ಗ್ಯಾಲೋ ತೂರಾಡುತ್ತಾ ಬೀದಿಗೆ ಬಂದು ಬಿದ್ದ. ಮಗುವಿನ ಎದುರೇ! ಸಿನಿಮಾ ಆಗಿದ್ರೆ ಸೆನ್ಸಾರ್ ಕತ್ತರಿ ಹಾಕ್ತಿತ್ತು.

ಇನ್ನೊಂದು ಕೇಳಿ. 1971ರಲ್ಲೇ ಇವನನ್ನು ಹೋಲುವ ಪಾತ್ರವನ್ನು ನಟ ಜೆರಿ ಆರ್ಬಾಕ್ ಮಾಡಿದ್ದ, ಇಬ್ಬರೂ ದೋಸ್ತಿಗಳಾಗಿದ್ರು! ಕೊಲೆಯ ಸೀನನ್ನೇ ಸ್ಕಾರ್ಸೆಸಿ 2019ರ ‘ದಿ ಐರಿಷ್‌ಮನ್’ನಲ್ಲಿ ತೋರಿಸಿದ.

ಹೋಟೆಲು ಆಮೇಲೆ ಅದೇ ಬೀದಿಯ ಬೇರೆ ಕಟ್ಟಡಕ್ಕೆ ಹೋಯ್ತು. ಆ ರಾತ್ರಿಯ ಜಾಗ ನೋಡಬೇಕೆಂದವರು ಹೆಸ್ಟರ್ ಬೀದಿ ಮೂಲೆಗೇ ಹೋಗಬೇಕು.