ಶುಶ್ರೂಷಾ ನಿದಾನ ಮತ್ತು ರೋಗಿಯ ನುಡಿ

‘ಶುಶ್ರೂಷೆ’ ಎಂಬ ಪದಕ್ಕೆ ಮೂಲದಲ್ಲಿ ಕೇಳುವ ಇಚ್ಛೆ ಎಂದರ್ಥ. ‘ಶ್ರು’ ಧಾತುವಿನಿಂದ ಹುಟ್ಟಿದ ಈ ಪದವು ಹಿರಿಯರ ಮಾತನ್ನು ಕೇಳಬಯಸುವುದು, ಕೇಳಿದಂತೆ ನಡೆಯುವುದು, ಸೇವೆ ಸಲ್ಲಿಸುವುದು ಎಂದು ಅರ್ಥವನ್ನು ಹಿಗ್ಗಿಸಿಕೊಳ್ಳುತ್ತ ಕೊನೆಗೆ ರೋಗಿಯ ಆರೈಕೆಯಲ್ಲಿ ಬಂದು ನೆಲೆಸಿದೆ. ಆಧುನಿಕ ಆಸ್ಪತ್ರೆಯ ಶುಶ್ರೂಷಕಿ ನಿತ್ಯವೂ ಕೈಗೊಳ್ಳುವ ‘ನರ್ಸಿಂಗ್ ಡಯಾಗ್ನೋಸಿಸ್’ ಅಥವಾ ಶುಶ್ರೂಷಾ ನಿದಾನವನ್ನು ಪರಿಶೀಲಿಸುವಾಗ ಈ ಮೂಲಾರ್ಥವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ. ಮಾಧವಕರನ ವೈದ್ಯಗ್ರಂಥದಿಂದ ಪ್ರಸಿದ್ಧವಾದ ‘ನಿದಾನ’ವೂ ಆಡುಮಾತಿನ ‘ನಿಧಾನ’ವೂ ಅರ್ಥದಲ್ಲಿ ಬೇರೆ ಬೇರೆ, ಆದರೆ ವಾರ್ಡಿನ ಅವಸರವನ್ನು ಬಲ್ಲವರಿಗೆ ಎರಡೂ ಪದಗಳು ಒಟ್ಟಿಗೆ ನೆನಪಾದರೆ ಅದನ್ನು ತಪ್ಪೆನ್ನಲಾಗದು.

ವೈದ್ಯನ ನಿದಾನ ರೋಗವನ್ನು ಹೆಸರಿಸುತ್ತದೆ. ಶುಶ್ರೂಷಕಿಯ ನಿದಾನ ಆ ರೋಗಕ್ಕೆ ಅಥವಾ ದೇಹಸ್ಥಿತಿಗೆ ಮನುಷ್ಯ ತೋರುವ ಪ್ರತಿಕ್ರಿಯೆಯನ್ನು ಹೆಸರಿಸುತ್ತದೆ. ಪಾರ್ಶ್ವವಾಯು ಎಂಬುದು ವೈದ್ಯನಿದಾನ. ಅದರಿಂದಾಗಿ ನುಂಗಲಾರದಿರುವುದು, ಮಗ್ಗುಲು ಬದಲಿಸಲಾಗದೆ ಬೆನ್ನು ಹುಣ್ಣಾಗುವ ಸಂಭವ, ಮನೆಯವರಿಗೆ ಭಾರವಾದೆನೆಂಬ ಕೊರಗು, ಇವು ಶುಶ್ರೂಷಾ ನಿದಾನದ ವಸ್ತು. ಈ ಕಾರ್ಯಕ್ಕೆ ವ್ಯವಸ್ಥಿತ ಪರಿಭಾಷೆಯೊಂದನ್ನು ರೂಪಿಸುವ ಯತ್ನ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1973ರಲ್ಲಿ ನಡೆದ ಸಮ್ಮೇಳನದಿಂದ ಆರಂಭವಾಯಿತು. ಕ್ರಿಸ್ಟೀನ್ ಗೆಬ್ಬಿ ಮತ್ತು ಮೇರಿ ಆನ್ ಲ್ಯಾವಿನ್ ಅದರ ಸಂಘಟಕರು. 1982ರಲ್ಲಿ ಉತ್ತರ ಅಮೆರಿಕದ ಶುಶ್ರೂಷಾ ನಿದಾನ ಸಂಘ (ನ್ಯಾಂಡಾ) ಸ್ಥಾಪನೆಯಾಗಿ, 2002ರಲ್ಲಿ ಅದು ಅಂತಾರಾಷ್ಟ್ರೀಯ ಸಂಸ್ಥೆಯಾಗಿ ಹೆಸರು ಬದಲಿಸಿಕೊಂಡಿತು. ಭಾರತದ ಶುಶ್ರೂಷಾ ಪದವಿಯ ಪಠ್ಯಕ್ರಮದಲ್ಲಿಯೂ ಈ ಪದ್ಧತಿಗೆ ಸ್ಥಾನವಿದೆ.

ನಿದಾನವು ರೂಪುಗೊಳ್ಳುವ ಬಗೆಯನ್ನು ಕರ್ನಾಟಕದ ಹೆರಿಗೆ ವಾರ್ಡುಗಳಿಗೆ ಹೊಂದುವ ಒಂದು ಕಲ್ಪಿತ ಸಂದರ್ಭದ ಮೂಲಕ ನೋಡಬಹುದು. ಹೆರಿಗೆಯಾಗಿ ಮೂರನೆಯ ದಿನದ ಬಾಣಂತಿಯೊಬ್ಬಳು ‘ಮೈಯೆಲ್ಲ ಉಷ್ಣ ಆಗಿದೆ ಸಿಸ್ಟರ್, ಉರಿಮೂತ್ರ’ ಎನ್ನುತ್ತಾಳೆ. ಇದು ರೋಗಿಯೇ ನೀಡಿದ ಮಾಹಿತಿ. ಶುಶ್ರೂಷಕಿ ತಾನು ಕಂಡದ್ದನ್ನು ಇದರೊಂದಿಗೆ ಸೇರಿಸುತ್ತಾಳೆ: ತುಟಿ ಒಣಗಿದೆ, ಮೂತ್ರ ಕಡುಹಳದಿಯಾಗಿದೆ, ಮೂರು ದಿನದಿಂದ ಮಲವಿಸರ್ಜನೆಯಿಲ್ಲ, ಹಾಸಿಗೆಯ ಬಳಿ ನೀರಿನ ಚೊಂಬೇ ಇಲ್ಲ. ಬಿಡಿಬಿಡಿಯಾದ ಈ ಸಂಗತಿಗಳನ್ನು ಗುಂಪುಗೂಡಿಸಿದಾಗ ಒಂದಕ್ಕಿಂತ ಹೆಚ್ಚು ಊಹೆಗಳು ಮೂಡುತ್ತವೆ. ಬಾಣಂತಿ ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆ ನಾಡಿನ ಹಲವೆಡೆ ಬಲವಾಗಿದೆ. ಆದ್ದರಿಂದ ಇದು ಪಥ್ಯದಿಂದುಂಟಾದ ದ್ರವದ ಕೊರತೆಯಾಗಿರಬಹುದು. ಮೂತ್ರನಾಳದ ಸೋಂಕಾಗಿರಬಹುದು. ಗರ್ಭಕೋಶದಲ್ಲಿ ನಂಜೇರುತ್ತಿರಲೂಬಹುದು. ಕೊನೆಯದು ತಾಯಂದಿರ ಮರಣದ ಪ್ರಮುಖ ಕಾರಣಗಳಲ್ಲಿ ಒಂದು. ಹೀಗಾಗಿ ‘ಉಷ್ಣ’ವೆಂಬ ಮಾತನ್ನು ಕೇಳಿ ನಕ್ಕು ಮುಂದೆ ಸಾಗುವುದೂ, ಅದನ್ನು ಒಮ್ಮೆಲೇ ‘ಜ್ವರ’ವೆಂದು ಬರೆದುಕೊಳ್ಳುವುದೂ ಸಮಾನವಾಗಿ ಅಪಾಯಕರ. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ತಲುಪಿದೆಯೇ, ನಾಡಿಯ ಗತಿ ಎಷ್ಟು, ಸ್ರಾವದಲ್ಲಿ ದುರ್ವಾಸನೆಯಿದೆಯೇ, ಕೆಳಹೊಟ್ಟೆಯನ್ನು ಮುಟ್ಟಿದರೆ ನೋವಿದೆಯೇ ಎಂಬುದನ್ನು ನೋಡಲೇಬೇಕು. ಇವುಗಳಲ್ಲಿ ಯಾವುದೊಂದು ಸಂಶಯ ಹುಟ್ಟಿಸಿದರೂ ವೈದ್ಯರನ್ನು ಕರೆಯುವುದು ಆಕೆಯ ಮೊದಲ ಕರ್ತವ್ಯ.

ಜನಪದದ ರೋಗವಾಚಕ ಪದಗಳು ಆಸ್ಪತ್ರೆಯ ಪದಗಳಿಗೆ ಸರಿಹೊಂದುವ ಪರ್ಯಾಯಗಳಲ್ಲ. ಅವು ಬೇರೆಯೇ ಒಂದು ವರ್ಗೀಕರಣಕ್ಕೆ ಸೇರಿದವು. ‘ಉಷ್ಣ’ದಲ್ಲಿ ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರ, ತಿಂದ ಪರಂಗಿಹಣ್ಣು ಎಲ್ಲವೂ ಅಡಕವಾಗಿವೆ. ‘ಒಳಜ್ವರ’ವನ್ನು ಥರ್ಮಾಮೀಟರ್ ತೋರಿಸುವುದಿಲ್ಲ. ಮೈಮೇಲೆ ಗುಳ್ಳೆಯೆದ್ದಾಗ ‘ಅಮ್ಮ ಬಂದಿದ್ದಾಳೆ’ ಎನ್ನುವ ಕುಟುಂಬ ರೋಗದ ಹೆಸರನ್ನಷ್ಟೇ ಹೇಳುತ್ತಿಲ್ಲ. ಮನೆಯಲ್ಲಿ ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂಬ ಸಂಹಿತೆಯನ್ನೇ ಹೇಳುತ್ತಿದೆ. ‘ಸೋಂಕು’ ಎಂಬ ಪದದ ಸ್ಥಿತಿಯಂತೂ ವಿಚಿತ್ರವಾದುದು. ಆಸ್ಪತ್ರೆಯ ಗೋಡೆಯ ಮೇಲೆ ಅದು ರೋಗಾಣುವಿನ ತಗಲುವಿಕೆ. ಹಳ್ಳಿಯ ಮಾತಿನಲ್ಲಿ ಗಾಳಿ ಅಥವಾ ದೆವ್ವದ ಸ್ಪರ್ಶ. ‘ನಿಮ್ಮ ಸೊಸೆಗೆ ಸೋಂಕಾಗಿದೆ’ ಎಂಬ ವಾಕ್ಯವನ್ನು ಶುಶ್ರೂಷಕಿ ಒಂದರ್ಥದಲ್ಲಿ ಹೇಳಿ, ಅತ್ತೆ ಇನ್ನೊಂದರ್ಥದಲ್ಲಿ ಕೇಳಿಸಿಕೊಂಡರೆ ಮುಂದಿನ ಆರೈಕೆಯ ದಾರಿಯೇ ಬೇರೆಯಾಗುತ್ತದೆ. ಪ್ರಾದೇಶಿಕ ಭೇದಗಳೂ ಅಲಕ್ಷಿಸುವಂಥವಲ್ಲ. ದಕ್ಷಿಣದಲ್ಲಿ ‘ಬೇನೆ’ ಎಂದೊಡನೆ ಹೆರಿಗೆಯ ನೋವು ಮನಸ್ಸಿಗೆ ಬಂದರೆ, ಉತ್ತರ ಕರ್ನಾಟಕದ ‘ಬ್ಯಾನಿ’ ಯಾವ ನೋವಾದರೂ ಆಗಬಹುದು. ‘ಜಡ್ಡು’, ‘ಆರಾಮಿಲ್ಲ’ ಎಂಬ ಮಾತುಗಳಿಗೂ ಅಲ್ಲಿ ಅವುಗಳದೇ ವ್ಯಾಪ್ತಿಯಿದೆ. ರಾಜ್ಯದ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ಶುಶ್ರೂಷಕಿಯರು ಬಹಳವಾಗಿ ದುಡಿಯುತ್ತಾರೆ. ದಾಖಲೆ ಬರೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ರೋಗಿಯ ಕನ್ನಡ ಮಾತು ಹೀಗೆ ಎರಡು ಭಾಷಾಂತರಗಳನ್ನು ದಾಟಿ ಕಾಗದಕ್ಕೆ ಇಳಿಯುತ್ತದೆ. ಈ ಹಾದಿಯಲ್ಲಿ ಕಳೆದುಹೋದದ್ದು ಪುನಃ ದೊರೆಯಬೇಕಾದರೆ ರೂಪಿಸಿದ ನಿದಾನವನ್ನು ತಾಳೆ ನೋಡುವ ಹಂತವೊಂದೇ ಉಳಿದ ಅವಕಾಶ.

ಈ ಹಂತದ ಮಹತ್ವವನ್ನು ಇಡಾ ಜೀನ್ ಒರ್ಲಾಂಡೊ 1961ರ ತಮ್ಮ ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದಾರೆ. ರೋಗಿಯ ವರ್ತನೆಯನ್ನು ಕಂಡು ತನ್ನಲ್ಲಿ ಮೂಡಿದ ಭಾವನೆ, ಆಲೋಚನೆಗಳನ್ನು ಶುಶ್ರೂಷಕಿ ಸತ್ಯವೆಂದು ಗ್ರಹಿಸದೆ, ಅವನ್ನು ರೋಗಿಯ ಮುಂದಿಟ್ಟು ಸರಿಯೇ ತಪ್ಪೇ ಎಂದು ಕೇಳಿ ತಿಳಿಯಬೇಕೆಂಬುದು ಅವರ ನಿಲುವು. ಆದರೆ ಕರ್ನಾಟಕದ ವಾರ್ಡಿನಲ್ಲಿ ಈ ಕೇಳುವಿಕೆ ಅಷ್ಟು ಸುಲಭವಲ್ಲ. ‘ನೀರು ಸಾಕಷ್ಟು ಕುಡಿಯುತ್ತಿದ್ದೀಯಾ?’ ಎಂದರೆ ‘ಹೂಂ ಸಿಸ್ಟರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ‘ಹೂಂ’ ಒಪ್ಪಿಗೆಯೂ ಹೌದು, ಮರ್ಯಾದೆಯೂ ಹೌದು, ಎಷ್ಟೋ ವೇಳೆ ಮಾತು ಮುಗಿಯಲೆಂಬ ಅಪೇಕ್ಷೆಯೂ ಹೌದು. ಕಥೆ ಕೇಳುವವರು ಹಾಕುವ ಹೂಂಗುಟ್ಟುವಿಕೆಯನ್ನು ಬಲ್ಲ ಜಾನಪದ ಕ್ಷೇತ್ರಕಾರ್ಯಕರ್ತರಿಗೆ ಇದು ಹೊಸತೇನಲ್ಲ. ಜೊತೆಗೆ ಬಾಣಂತಿಯ ಬದಲು ಅವಳ ತಾಯಿಯೋ ಅತ್ತೆಯೋ ಉತ್ತರಿಸುವುದು ವಾಡಿಕೆ. ಹೌದು ಅಲ್ಲಗಳಲ್ಲಿ ಮುಗಿಯದ ಪ್ರಶ್ನೆಗಳು ಇಲ್ಲಿ ಬೇಕಾಗುತ್ತವೆ: ‘ಬೆಳಗಿನಿಂದ ಎಷ್ಟು ಲೋಟ ಕುಡಿದೆ? ಉಷ್ಣ ಅಂದೆಯಲ್ಲ, ಎಲ್ಲೆಲ್ಲಿ? ಮನೆಯಲ್ಲಿ ಇದಕ್ಕೆ ಏನು ಮಾಡುತ್ತಾರೆ?’

ಒಬ್ಬ ರೋಗಿಯ ವಿಷಯದಲ್ಲಿ ನಡೆಯುವ ಈ ತಾಳೆಯಲ್ಲದೆ, ನಿದಾನದ ಹೆಸರುಗಳನ್ನೇ ಸಂಶೋಧನೆಯಿಂದ ಒರೆಗೆ ಹಚ್ಚುವ ಕ್ರಮವೂ ಇದೆ. ರಿಚರ್ಡ್ ಫೆಹ್ರಿಂಗ್ 1987ರಲ್ಲಿ ಸೂಚಿಸಿದ ಮಾದರಿಗಳು ಇದರಲ್ಲಿ ಹೆಚ್ಚು ಬಳಕೆಯಾದವು. ನಿದಾನವೊಂದರ ಪ್ರತಿಯೊಂದು ಲಕ್ಷಣಕ್ಕೂ ತಜ್ಞ ಶುಶ್ರೂಷಕಿಯರು 1ರಿಂದ 5ರವರೆಗೆ ಅಂಕ ನೀಡುತ್ತಾರೆ. ಅವನ್ನು 0ಯಿಂದ 1ರವರೆಗಿನ ತೂಕವಾಗಿ ಪರಿವರ್ತಿಸಿ ಸರಾಸರಿ ತೆಗೆದಾಗ 0.80 ಮತ್ತು ಅದಕ್ಕೂ ಮೇಲಿನ ಲಕ್ಷಣ ಪ್ರಧಾನವೆನಿಸುತ್ತದೆ, 0.50ನ್ನು ಮೀರದುದು ಕೈಬಿಡಲ್ಪಡುತ್ತದೆ. ಇನ್ನೊಂದು ಮಾದರಿಯಲ್ಲಿ ಇಬ್ಬರು ತಜ್ಞರು ನಿಜವಾದ ರೋಗಿಗಳನ್ನು ಪ್ರತ್ಯೇಕವಾಗಿ ಗಮನಿಸುತ್ತಾರೆ. ಭಾವನೆ, ಅರಿವುಗಳಿಗೆ ಸಂಬಂಧಿಸಿದ ನಿದಾನವಾದರೆ ರೋಗಿಯೇ ಲಕ್ಷಣಗಳಿಗೆ ಅಂಕ ಕೊಡುವ ಕ್ರಮವಿದೆ. ಜಾನಪದದ ದೃಷ್ಟಿಯಿಂದ ಮಹತ್ವದ್ದು ಈ ಕೊನೆಯದೇ. ತಜ್ಞರ ಒಮ್ಮತ ತಜ್ಞರ ಭಾಷೆಯನ್ನು ದೃಢಪಡಿಸಬಲ್ಲದು. ‘ಹೊಟ್ಟೆ ತೊಳಸು’, ‘ಸಂಕಟ’, ‘ಜೀವ ಹಾರಿದಂತಾಗುವುದು’ ಎಂಬ ಅನುಭವಗಳಿಗೆ ಸಾಕ್ಷಿ ಹೇಳಬಲ್ಲವರು ಅವನ್ನು ಪಡುವವರು ಮಾತ್ರ. ವಿಶ್ವವಿದ್ಯಾಲಯಗಳ ಪದಕೋಶಗಳಲ್ಲಿ, ಜನಪದ ವೈದ್ಯದ ಸಂಗ್ರಹಗಳಲ್ಲಿ ಇಂಥ ಪದಗಳು ಪ್ರದೇಶವಾರಾಗಿ ದಾಖಲಾಗಿವೆ. ಅವು ಶುಶ್ರೂಷಾ ಕಾಲೇಜುಗಳ ಗ್ರಂಥಾಲಯವನ್ನು ತಲುಪಬೇಕು.

ಮೇಲೆ ಹೇಳಿದ ಬಾಣಂತಿಗೆ ಜ್ವರವಿಲ್ಲ, ಸ್ರಾವ ಸಹಜವಾಗಿದೆ, ಮೂತ್ರಪರೀಕ್ಷೆಯಲ್ಲಿ ದೋಷವಿಲ್ಲ ಎಂದಾದ ಮೇಲೆ ನಿದಾನವಾಕ್ಯವನ್ನು ಬರೆಯಲಾಗುತ್ತದೆ. ಅದಕ್ಕೆ ಸಮಸ್ಯೆ, ಕಾರಣ, ಪುರಾವೆ ಎಂಬ ಮೂರು ಅಂಗಗಳಿವೆ: ಬಾಣಂತನದ ಪಥ್ಯಕ್ಕೆ ಸಂಬಂಧಿಸಿದ ದ್ರವದ ಕೊರತೆ, ಒಣತುಟಿ, ಕಡುಹಳದಿ ಮೂತ್ರ, ಮಲಬದ್ಧತೆ ಇದಕ್ಕೆ ಪುರಾವೆ. ಕಾರಣದ ಜಾಗದಲ್ಲಿ ‘ಜ್ಞಾನದ ಕೊರತೆ’ ಎಂದು ಬರೆಯುವ ರೂಢಿ ಸುಲಭವಾದದ್ದು. ಆದರೆ ಇಲ್ಲಿ ಅದು ನಿಜವಲ್ಲ. ಆ ಕುಟುಂಬದಲ್ಲಿ ಬಾಣಂತನದ ಬಗೆಗೆ ಜ್ಞಾನಕ್ಕೆ ಬರವಿಲ್ಲ, ತೀರ್ಮಾನದ ಅಧಿಕಾರ ಅತ್ತೆಯ ಕೈಯಲ್ಲಿದೆ. ಕಾರಣವನ್ನು ಹೀಗೆ ಗುರುತಿಸಿದ ಶುಶ್ರೂಷಕಿ ಉಪದೇಶವನ್ನು ಬಿಟ್ಟು ಅತ್ತೆಯೊಂದಿಗೆ ಮಾತಿಗೆ ಕೂರುತ್ತಾಳೆ. ತಣ್ಣೀರು ಬೇಡ, ಜೀರಿಗೆ ಹಾಕಿ ಕಾಯಿಸಿದ ನೀರನ್ನು ಬೆಚ್ಚಗೆ, ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ಕೊಡಬಹುದು ಎಂಬಲ್ಲಿಗೆ ಇಬ್ಬರೂ ಬಂದು ನಿಲ್ಲುತ್ತಾರೆ. ಮರುದಿನ ಬೆಳಿಗ್ಗೆ ಶುಶ್ರೂಷಕಿ ಮೊದಲು ನೋಡುವುದು ಮೂತ್ರದ ಬಣ್ಣವನ್ನು. ಅದು ತಿಳಿಯಾಗಿಲ್ಲವಾದರೆ ನಿದಾನವನ್ನು ಹೊಡೆದುಹಾಕಿ ಮತ್ತೆ ಕೇಳುವುದರಿಂದ ಆರಂಭಿಸುತ್ತಾಳೆ.